ಕುಂಕುಮ ಹಚ್ಚುವ ಮುನ್ನ

ಮೌನಮ್ಮ ಎರಡನೆಯ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲ ಮುಂದೆ ಹಾರ್ನ್ ಕೇಳಿಸಿತು. ಹಂಚು ಕೆಳಗಿಳಿಸಿ, ಹಿಟ್ಟಿನ ಕೈಯಲ್ಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊರಬಂದಳು. ಗಂಡನ ಅಣ್ಣ ಮರಿಲಿಂಗ ಬಿಳಿಯ ಹಳೆ ಕಾರೊಂದನ್ನು ತಂದು ನಿಲ್ಲಿಸಿದ್ದ.

ಅವಳ ಖಡಕ್ ರೊಟ್ಟಿ ವಾರಕ್ಕೆ ಮೂರು ದಿನ ವಡಗೇರಾದಿಂದ ಯಾದಗಿರಿಯ ಖಾನಾವಳಿಗಳಿಗೆ ಬಸ್ಸಿನಲ್ಲಿ ಹೋಗುತ್ತಿತ್ತು. ಇಳಿಸುವ ಹೊತ್ತಿಗೆ ಕಾಲು ಭಾಗ ಚೂರಾಗಿರುತ್ತಿತ್ತು. ಅದಕ್ಕೇ ಈ ಕಾರು. ಕೂಡಿಟ್ಟದ್ದೆಲ್ಲ ಇದಕ್ಕೇ ಹೋಗುವುದರಿಂದ, ಇದು ಕೆಟ್ಟು ನಿಂತರೆ ಇನ್ನೊಂದು ತರುವ ಮಾತಿರಲಿಲ್ಲ.

"ಯಾದಗಿರಿ ಮಾಸ್ತರರ ಗಾಡಿ. ಒಬ್ಬರ ಕೈಯಾಗ ಅಷ್ಟ ಓಡ್ಯಾದ," ಎಂದ ಮರಿಲಿಂಗ.

ಅವಳ ಗಂಡ ಗುರಣ್ಣ ಆಗಲೇ ಒಳಗೆ ಕುಳಿತು ಎಂಜಿನ್ ಚಾಲು ಮಾಡಿದ್ದ. "ಟ್ರ್ಯಾಕ್ಟರ್ ಹೊಡದ ಕೈಗೆ ಇದು ಆಟಿಗಿ ಸಾಮಾನ ಇದ್ದಂಗದ ನೋಡಣ್ಣ."

"ಆಟಿಗಿ ಅಂತ ಹೊಲಕ್ಕ ಇಳಸಬ್ಯಾಡ ತಮ್ಮಾ. ಮೌನಮ್ಮ, ಆರತಿ ತಾಟ ತಗೊಂಡ ಬಾರವ್ವ. ರಾಹುಕಾಲ ಬರೂದ್ರಾಗ ಕುಂಕುಮ ಹಚ್ಚಿಬಿಡು."

ಅವಳು ಕೈ ತೊಳೆದು ತಾಟು ತಂದಳು. ಎಮ್ಮೆಯಿರಲಿ, ಹೊಲಿಗೆ ಮಷೀನಿರಲಿ, ಕುಂಕುಮ ಹಚ್ಚಿದ ಮೇಲೆ ಆ ಮನೆಯಿಂದ ಹಿಂದಕ್ಕೆ ಹೋದದ್ದಿಲ್ಲ. ಹಚ್ಚಿದರೆ ಮುಗಿಯಿತು, ಅದು ಮನೆಯದು.

ಹಿಂದಿನ ಸೀಟಿಗೆ ಹತ್ತಿ ಕುಳಿತಿದ್ದ ಮಗಳು ಮೌನಿಕಾ ಕೆಳಗಿಳಿದು ಬಂದು ತಾಯಿಯ ಸೆರಗು ಜಗ್ಗಿದಳು. "ತಡಿಯವ್ವ," ಎಂದಳು ಮೌನಮ್ಮ. ಹುಡುಗಿ ಮತ್ತೆ ಜಗ್ಗಿ, ಅಂಗೈ ಚಾಚಿದಳು. ಸೀಟಿನ ಸಂದಿಗೆ ಕೈ ಹಾಕಿದ್ದಳೆಂದು ಕಾಣುತ್ತದೆ. ಬೆರಳ ತುಂಬ ಬೂದುಬಣ್ಣದ ನುಣುಪು ಮಣ್ಣು.

ಮೌನಮ್ಮ ಅದನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದಳು. ರಸ್ತೆಯ ಧೂಳು ಹೀಗೆ ರೇಷ್ಮೆಯಂತೆ ಜಾರುವುದಿಲ್ಲ. ಹೊಳೆ ಮನೆಯೊಳಗೆ ನುಗ್ಗಿದ್ದ ವರ್ಷ ಇಂಥದೇ ಮಣ್ಣನ್ನು ಜೋಳದ ಚೀಲಗಳ ಹಿಂದಿನಿಂದ, ಗೋಡೆಯ ಗೂಡುಗಳಿಂದ ತಿಂಗಳುಗಟ್ಟಲೆ ತೆಗೆದಿದ್ದಳು. ಆ ವಾಸನೆ ಹೊಳೆದಂಡೆಯವರಿಗೆ ಮರೆಯುವಂಥದ್ದಲ್ಲ.

"ರೀ, ಒಂದೀಟ ಇಲ್ಲಿ ಬರ್ರಿ," ಎಂದಳು. ಎಂಜಿನ್ ಸದ್ದಿನಲ್ಲಿ ಗುರಣ್ಣನಿಗೆ ಕೇಳಲಿಲ್ಲ. ಅವನು ವೈಪರ್ ಆಡಿಸಿ ನಗುತ್ತಿದ್ದ.

ಭಾವನನ್ನು ತಾನೇ ಕೇಳಬೇಕಿತ್ತು. ಹನ್ನೊಂದು ವರ್ಷದಲ್ಲಿ ಅವಳು ಅವನೊಡನೆ ನೇರವಾಗಿ ಮಾತಾಡಿದವಳಲ್ಲ. ಊಟಕ್ಕೆ ಕರೆಯುವುದಿದ್ದರೂ ಗಂಡನ ಮೂಲಕವೇ. ಗಾಡಿಯ ಈ ಸಂಗತಿ ಅವನಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿಲ್ಲದಿದ್ದರೆ, ಕೇಳುವುದೇ ಅವನಿಗೆ ಅವಮಾನ. ಗೊತ್ತಿದ್ದರೆ, ಇನ್ನೂ ಕಷ್ಟ.

"ಯಾಕವ್ವ, ನಿಂತಿ? ಹಚ್ಚು," ಎಂದ ಮರಿಲಿಂಗ.

ಅವಳು ಕುಂಕುಮದ ಬಟ್ಟಲಿನಿಂದ ಬೆರಳು ಹಿಂದಕ್ಕೆ ತೆಗೆದಳು. ಮಗಳು ಮುಖ ಎತ್ತಿ ನೋಡುತ್ತಿದ್ದಳು. ಮೌನಮ್ಮ ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿ, ಬೆನ್ನ ಮೇಲೆ ಮೆತ್ತಗೆ ಕೈ ಇಟ್ಟು ಮುಂದಕ್ಕೆ ಬಿಟ್ಟಳು.

"ದೊಡ್ಡಪ್ಪ, ಈ ಕಾರ ಹೊಳಿ ನೀರಾಗ ಮುಳಗಿತ್ತೇನು?"