ದೀಪ ಹಾಕುವ ಮೊದಲೇ ಓದಿದವರು

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಅವಳಿಗೆ, ಅಕ್ಷರದ ಫಲಕವನ್ನು ಬಾಯಿಪಾಠ ಮಾಡಿ ಬರುವವರ ವಾಸನೆ ಬಾಗಿಲಲ್ಲೇ ಬಡಿಯುತ್ತಿತ್ತು. ಲೈಸೆನ್ಸಿಗೆ ಸರ್ಟಿಫಿಕೇಟು ಬೇಕಾದ ಚಾಲಕರು ಕೊನೆಯ ಸಾಲನ್ನು ಮಗ್ಗಿಯಂತೆ ಒಪ್ಪಿಸುವರು. ಅವಳು ಫಲಕ ತಿರುಗಿಸಿ ಹಿಂಬದಿಯ ಅಕ್ಷರ ತೋರಿಸುವಳು. "ನನಗೆ ಟೋಪಿ ಹಾಕಬಹುದು ಅಣ್ಣ, ಎದುರಿಗೆ ಬರೋ ಲಾರಿಗೆ ಹಾಕೋಕಾಗಲ್ಲ."

ಇಂಥವಳ ಮನೆಯಲ್ಲೇ ಹೀಗಾಯಿತು.

ಮಗಳಿಗೆ ಐದು ತುಂಬಿತ್ತು. ಮಾತು ಹತ್ತಿಪ್ಪತ್ತು, ಹಲ್ಲು ಮಾತ್ರ ಪೂರ್ತಿ. ಬೇಕಾದ್ದನ್ನು ಕೇಳಲು ಬಾರದೆ ಕಚ್ಚುತ್ತಿದ್ದಳು. ಶಾಲೆಯಿಂದ ಚೀಟಿ ಬಂತು: ಮಾತು ಹಿಂದುಳಿದ ಮಕ್ಕಳಿಗೆ ದಿನಕ್ಕೆರಡು ಗಂಟೆ, ಮೂಲೆಯ ಕೋಣೆಯಲ್ಲಿ, ಬೇರೆ ಟೀಚರು ಕಲಿಸುತ್ತಾರೆ, ಆರೇ ಜಾಗ, ಈಗ ಹಿಡಿದರೆ ಸುಲಭ, ಎರಡು ವರ್ಷ ಬಿಟ್ಟರೆ ಕಷ್ಟ, ಯಾರಿಗೆ ಬೇಕೆಂದು ತಿಳಿಯಲು ಒಂದು ಚಿಕ್ಕ ಪರೀಕ್ಷೆ.

ಮನೆಯವರೆಲ್ಲ ಕೊನೆಯ ಪದವೊಂದನ್ನೇ ಓದಿದರು. ನಮ್ಮ ವಂಶದಲ್ಲಿ ಪರೀಕ್ಷೆಗೆ ಹೆದರಿದವರಿಲ್ಲ ಎಂದರು ಅತ್ತೆ. ಹತ್ತನೇ ತರಗತಿಯನ್ನು ಮೂರು ಸಲ ಹೆದರದೆ ಬರೆದಿದ್ದ ಗಂಡ ತಲೆಯಾಡಿಸಿದ. ಅದೇ ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ ನಾದಿನಿ, ಪರೀಕ್ಷೆಯ ಇಪ್ಪತ್ತು ಚಿತ್ರಗಳನ್ನು ಜೆರಾಕ್ಸ್ ಮಾಡಿ ಸೆರಗಿನಡಿ ತಂದಳು.

ಎರಡು ವಾರ ಮನೆಯೇ ಗರಡಿಯಾಯಿತು. ಕೊಡೆ, ಕೀಲಿಕೈ, ಬಸ್ಸು, ಚಮಚ. ಹೇಳಿದರೆ ಬಿಸ್ಕತ್ತು, ತಪ್ಪಿದರೆ ಮತ್ತೆ ಕೊಡೆಯಿಂದ. ಎಲ್ಲರಿಗಿಂತ ಚೆನ್ನಾಗಿ ಕಲಿಸಿದವಳು ಅವಳೇ; ಕಸುಬು ಗೊತ್ತಿತ್ತಲ್ಲ. ಜೊತೆಗೆ ಬಂದ ಫಾರಂ ಗಂಡನ ಪಾಲಿಗೆ ಬಿತ್ತು. 'ಮಗು ಕಚ್ಚುತ್ತದೆಯೇ?' ಎಂಬಲ್ಲಿ 'ಎಂದೂ ಇಲ್ಲ' ಎಂದು ದುಂಡಗೆ ಬರೆದ. ಬರೆದ ಕೈಯಲ್ಲಿ ಬೆಳಗಿನ ನಾಲ್ಕು ಹಲ್ಲಿನ ಗುರುತು ಇನ್ನೂ ಕೆಂಪಗಿತ್ತು.

ಮಗಳು ಇಪ್ಪತ್ತಕ್ಕೆ ಇಪ್ಪತ್ತು ಹೇಳಿ ಬಂದಳು. ಸಹಾಯದ ಅಗತ್ಯವಿಲ್ಲ ಎಂದು ಕಾಗದ ಬಂತು. ಅತ್ತೆ ಅದನ್ನು ಗೋಡೆಗೆ ಅಂಟಿಸಿದರು.

ಮೂರನೆಯ ದಿನ ತರಗತಿಯಲ್ಲಿ ಪಕ್ಕ ಕೂತ ಹುಡುಗಿಯ ಕಿವಿಗೆ ಹಲ್ಲು ಬಿತ್ತು. ಶಾಲೆಯಿಂದ ಅವಳಿಗೆ ಕರೆ ಬಂತು. ಇಷ್ಟು ದಿನ ಪಾಪ ಎನ್ನುತ್ತಿದ್ದ ಕ್ಲಾಸ್ ಟೀಚರ ದನಿ ಬದಲಾಗಿತ್ತು. "ಮಾತು ಬರಲ್ಲ ಅಂತ ಸುಮ್ಮನಿದ್ದೆ. ಬರುತ್ತೆ ಅಂತ ನೀವೇ ತೋರಿಸಿದ್ರಿ. ಹಾಗಾದ್ರೆ ಇದು ಕೊಬ್ಬು ಅಲ್ವಾ?"

ಮಗಳು ಕಾರಿಡಾರಿನ ಕಂಬಕ್ಕೆ ಮುಖ ಮಾಡಿ ನಿಂತಿದ್ದಳು. ಅಮ್ಮನನ್ನು ಕಂಡು, ನೀರು ಬೇಕಿತ್ತೋ ಏನೋ, "ಕೊಡೆ" ಎಂದಳು. ಬಿಸ್ಕತ್ತು ತಂದುಕೊಟ್ಟ ಮೊದಲ ಪದ ಅದೇ ಅಲ್ಲವೇ.

ಮರುದಿನ ಅಂಗಡಿಗೆ ಒಬ್ಬ ಮುದುಕ ಚಾಲಕ ಬಂದ. ಕುರ್ಚಿಯಲ್ಲಿ ಕೂತವನೇ ಕೊನೆಯ ಸಾಲನ್ನು ಗಡಗಡನೆ ಒಪ್ಪಿಸಿದ. ಅವಳು ಫಲಕದ ದೀಪವನ್ನು ಇನ್ನೂ ಹಾಕಿರಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಅವತ್ತು ಕತ್ತಲ ಫಲಕವನ್ನೇ ನೋಡುತ್ತ ನಿಂತಳು. ಮಾಲೀಕನಿಗೆ ತಲೆನೋವೆಂದು ಹೇಳಿ ನೇರ ಶಾಲೆಗೆ ಹೋದಳು.

ಮೂಲೆಯ ಕೋಣೆಯ ಟೀಚರು ಕಡತ ತೆರೆದು ತೋರಿಸಿದರು: ಐದು ಮಕ್ಕಳು ಸಿಕ್ಕಿದ್ದರು. ಆರನೆಯ ಜಾಗ ಸಂಜೆಯವರೆಗೆ ಮಾತ್ರ, ಆಮೇಲೆ ಪಟ್ಟಿ ಮುಚ್ಚುತ್ತದೆ. ನಿಮ್ಮ ಮಗಳದು ಪೂರ್ತಿ ಅಂಕವಲ್ಲವೇ ಎಂದು ಕೇಳಿದರು.

"ಚಿತ್ರ ಕಲಸಿ ಕೇಳಿ ಮೇಡಂ," ಎಂದಳು ಅವಳು.

ಟೀಚರು ಮಗಳನ್ನು ತರಗತಿಯಿಂದ ಕರೆಸಿ, ಚಿತ್ರಗಳನ್ನು ಇಸ್ಪೀಟಿನಂತೆ ಕಲಸಿದರು. ಮೊದಲು ಚಪ್ಪಲಿ ಬಂತು; ಮಗಳು ಕೊಡೆ ಎಂದಳು. ಬಾತುಕೋಳಿಗೆ ಕೀಲಿಕೈ. ಕುರ್ಚಿಗೆ ಬಸ್ಸು. ಚಿತ್ರದ ಕಡೆ ಒಮ್ಮೆಯೂ ನೋಡದೆ, ಅಮ್ಮನ ಕೈಚೀಲದಲ್ಲಿ ಬಿಸ್ಕತ್ತು ಹುಡುಕುತ್ತ, ಇಪ್ಪತ್ತನ್ನೂ ಒಪ್ಪಿಸಿ ಮುಗಿಸಿದಳು.

ಟೀಚರು ಪೆನ್ನಿನ ಮುಚ್ಚಳ ತೆಗೆದರು. "ಯಾರು ಕಲಿಸಿದ್ದು?"

"ನಾನೇ."

"ಫೇಲು ಮಾಡಿ ಅಂತ ಕೇಳ್ಕೊಂಡು ಬಂದೋರು ನೀವೇ ಮೊದಲು," ಎನ್ನುತ್ತ ಅವರು ಆರನೆಯ ಸಾಲಿನಲ್ಲಿ ಮಗಳ ಹೆಸರು ಬರೆದರು.

ಮನೆಯಲ್ಲಿ ನಿಜ ಹೇಳಿದರೆ ರಾಮಾಯಣವಾಗುತ್ತಿತ್ತು. ಇಡೀ ಶಾಲೆಗೆ ಆರೇ ಸೀಟು, ನಮ್ಮ ಮಗುವಿಗೆ ಸಿಕ್ಕಿತು ಎಂದಷ್ಟೇ ಹೇಳಿದಳು. ಅತ್ತೆ ಗೋಡೆಯ ಹಳೆಯ ಕಾಗದ ಕಿತ್ತು ಹೊಸದಕ್ಕೆ ಜಾಗ ಮಾಡಿದರು. ಮೂವರು ನೆಂಟರಿಗೆ ಫೋನು ಹೋಯಿತು.

ನಾದಿನಿಯ ಮುಖ ಮಾತ್ರ ಸಣ್ಣಗಾಯಿತು. ಅವಳ ಮಗ ಅರಳು ಹುರಿದಂತೆ ಮಾತಾಡುವವನು. ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದಳು: "ಅತ್ತಿಗೆ, ಮುಂದಿನ ವರ್ಷಕ್ಕೆ ನಮ್ಮೋನಿಗೂ ಆ ಸೀಟು ಬೇಕು. ಏನೇನು ಹೇಳಿಕೊಡಬೇಕು?"