ಕುಡುಕರ ಶಿಬಿರದಲ್ಲಿ ಕುಡಿಯದವನು

“ಕುಡಿಯಂಗಿಲ್ಲ ಅಂದ್ರ ಇಲ್ಲಿ ಯಾಕ ಬಂದೀಲೇ ಭಾಡ್ಯಾ, ಎಂಟ ದಿನ ಪುಕ್ಕಟೆ ಉಣ್ಣಾಕ?”

ರಾಣೆಬೆನ್ನೂರಿನ ಆ ಕಲ್ಯಾಣಮಂಟಪದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಅಜ್ಜಪ್ಪ ಮಾಸ್ತರರು ಎಲ್ಲರಿಗೂ ಕೇಳಿಸುವಂತೆಯೇ ಕೇಳಿದರು. ನಯಾಜನ ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾಲ ಮೇಲೆ ನೆಟ್ಟಗೆ ನಿಲ್ಲಲಾಗದವನೂ ಗೋಡೆ ಹಿಡಿದುಕೊಂಡು ನಕ್ಕ.

“ಆಡ್ತೇನ್ರಿ ಸರ,” ಎಂದ ನಯಾಜ. “ಫೋನಿನ್ಯಾಗ, ಕ್ರಿಕೆಟ್ ಮ್ಯಾಲ ರೊಕ್ಕ ಕಟ್ಟಿ. ಬಿಡಬೇಕಂತ ಮಾಡೇನಿ, ಬಿಡಾಕ ಆಗವಲ್ದು.”

“ಇದು ಶೆರೆ ಬಿಡಸೋ ಶಿಬಿರ. ಫಾರಂನ್ಯಾಗ ಜೂಜಿಗೆ ಕಾಲಂ ಇಲ್ಲ. ಸರಿ ಆ ಕಡೆ.”

ನಯಾಜ ಸರಿದು ನಿಂತ. ಅವನಿಗೆ ಇಪ್ಪತ್ತಮೂರು ವರ್ಷ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಪೇಟೆಯ ದಿನ ಬೆಳಿಗ್ಗೆ ಚೀಲ ಇಳಿಸಿ, ರಾಶಿ ಸುರಿದ ಮೇಲೆ ಖರೀದಿದಾರರ ದರದ ಟೆಂಡರ್ ಬಿಡುವತನಕ ಹಮಾಲರಿಗೆ ಕೆಲಸವಿಲ್ಲ. ಖಾಲಿ ಚೀಲಗಳ ಮೇಲೆ ಬಿದ್ದುಕೊಂಡು ಆಕಳಿಸುವ ಆ ಮೂರು ತಾಸು ವ್ಯರ್ಥವಾಗದಂತೆ ನೋಡಿಕೊಂಡ ಪುಣ್ಯಾತ್ಮರು ದಲಾಲಿ ವ್ಯಾಪಾರದ ಅಡತಿ ಅಂಗಡಿಯ ಸಾವ್ಕಾರ ಪರಮೇಶಪ್ಪನವರು. ಅವರ ಮುನೀಮನೇ ಒಬ್ಬೊಬ್ಬ ಹಮಾಲನ ಫೋನಿಗೂ ರೊಕ್ಕ ಕಟ್ಟುವ ಆಟದ ಐಡಿ ಹಾಕಿಕೊಟ್ಟಿದ್ದ. ಬೆಳಿಗ್ಗೆ ಬೆನ್ನ ಮೇಲೆ ದುಡಿದದ್ದು ಮಧ್ಯಾಹ್ನ ಬೆರಳ ತುದಿಯಿಂದ ಅದೇ ಅಂಗಡಿಗೆ ವಾಪಸು ಹೋಗುತ್ತಿತ್ತು.

ಮೊದಮೊದಲು ಗೆದ್ದರೆ ಖುಷಿ, ಸೋತರೆ ಸಂಕಟ ಇರುತ್ತಿತ್ತು. ಈಗ ಎರಡೂ ಇಲ್ಲ. ತಂಗಿ ಹೀನಾಳ ಕಾಲೇಜಿನ ಫೀಜನ್ನು ಆಟದಲ್ಲಿ ಕಳೆದ ದಿನವೂ ಮನೆಗೆ ಹೋಗಿ ಎರಡು ರೊಟ್ಟಿ ಉಂಡು ಮಲಗಿದ್ದ, ನಿದ್ದೆಯೂ ಬಂದಿತ್ತು. ಬೆಳಿಗ್ಗೆ ಎದ್ದಾಗ, ತಾನು ಹಾಗೆ ನಿದ್ದೆ ಮಾಡಿದ್ದು ನೆನಪಾಗಿ ಅವನಿಗೆ ಹೆದರಿಕೆಯಾಯಿತು.

ಫೋನನ್ನು ಒಮ್ಮೆ ಬಾವಿಗೆ ಎಸೆದಿದ್ದ. ಮೂರನೇ ದಿನ ಮುನೀಮ ಇನ್ನೊಂದು ಫೋನು ತಂದು ಕೈಗಿಟ್ಟ. ಹಾವೇರಿಯಲ್ಲಿ ಒಬ್ಬ ಡಾಕ್ಟರು ಇದಕ್ಕೂ ಔಷಧ ಕೊಡುತ್ತಾರೆಂದು ಕೇಳಿ ಹೋದರೆ, ಅವರು ಸಿಗುವುದು ಸೋಮವಾರ, ಗುರುವಾರ. ಪೇಟೆ ಇರುವುದೂ ಸೋಮವಾರ, ಗುರುವಾರ. ಹೋದ ವರ್ಷ ಕುಡಿತ ಬಿಟ್ಟಿದ್ದ ಜೊತೆಯ ಹಮಾಲ ಹಜರತಅಲಿ ಈ ಶಿಬಿರದ ದಾರಿ ತೋರಿಸಿದ. “ಒಳಗ ಹೋಗೂಮುಂದನ ಫೋನ್ ಕಸ್ಗೊಂತಾರ. ಎಂಟ ದಿನ ನೀ ಅತ್ತರೂ ಕೊಡಂಗಿಲ್ಲ.” ನಯಾಜನಿಗೆ ಬೇಕಾದದ್ದು ಇಷ್ಟೇ. ಅತ್ತರೂ ಕೊಡದವರು ಯಾರಾದರೂ ಬೇಕಾಗಿತ್ತು.

ರಸ್ತೆ ದಾಟಿ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಶೆರೆ ಕೊಂಡ. ಹುಟ್ಟಿದಾಗಿನಿಂದ ಮುಟ್ಟದ್ದನ್ನು ಬಾಯಿಗೆ ಸುರಿದುಕೊಂಡು, ಮುಕ್ಕಳಿಸಿ ಉಗುಳಿದ. ಉಳಿದದ್ದನ್ನು ಅಂಗಿಯ ಮೇಲೆ ಚೆಲ್ಲಿಕೊಂಡ. ನಾಚಿಕೆಯಾಗುತ್ತದೆ ಅಂದುಕೊಂಡಿದ್ದ. ಏನೂ ಆಗಲಿಲ್ಲ.

ಮತ್ತೆ ಸಾಲಿಗೆ ಬಂದು ನಿಂತವನನ್ನು ಕಂಡು ಅಜ್ಜಪ್ಪ ಮಾಸ್ತರರು ಮೂಗು ಮುಚ್ಚಿಕೊಂಡು ಫಾರಂ ಎಳೆದುಕೊಂಡರು. “ಹಿಂಗ ಖರೇ ಹೇಳಬೇಕು. ಎಷ್ಟ ವರ್ಷದಿಂದ ಕುಡಿತಿ?”

“ಮೂರು ವರ್ಷರಿ.”

ಫೋನು ಒಳಗೆ ಹೋಯಿತು.

ಎಂಟು ದಿನ ಬೆಳಿಗ್ಗೆ ಐದಕ್ಕೆ ಎಬ್ಬಿಸಿದರು, ಭಜನೆ ಹೇಳಿಸಿದರು, ಕುಡಿದರೆ ಕರುಳು ಹೇಗೆ ಕೊಳೆಯುತ್ತದೆಂದು ಚಿತ್ರ ತೋರಿಸಿದರು. ನಯಾಜ ಎಲ್ಲರಂತೆ ಚಪ್ಪಾಳೆ ತಟ್ಟಿದ. ಕೂತಲ್ಲಿ ಅವನ ಹೆಬ್ಬೆರಳು ತೊಡೆಯ ಮೇಲೆ ತಾನೇ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. ಆರನೆಯ ದಿನ ಅದು ನಿಂತಿತು. ಅವತ್ತು ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂಬುದು ಅವನ ನಾಲಗೆಗೆ ಗೊತ್ತಾಯಿತು.

ಕೊನೆಯ ದಿನ ಮನೆಯವರನ್ನೆಲ್ಲ ಕರೆಸಿದ್ದರು. ತಾಯಿ ರೋಷನಬಿ ಬ್ಯಾಡಗಿಯಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳು ಪರಮೇಶಪ್ಪನವರ ಶೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಉರಿಯುವ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ತಲೆಯೆತ್ತದೆ ಮಗನನ್ನು ಕೇಳಿದಳು.

“ಹೀನಾನ ಫೀಜು ಕುಡದ್ಯಲ್ಲೋ. ಯಾವಾಗಿಂದ ಕುಡಿಯಾಕತ್ತಿ?”

“ಕುಡದಿಲ್ಲಮ್ಮಾ. ಆಡೀನಿ.”

“ಮತ್ತ ಇಲ್ಲಿ ಯಾಕ ಬಂದಿ?”

“ಬ್ಯಾರೆ ಎಲ್ಲೂ ಒಳಗ ಬಿಟಗೊಳ್ಳಲಿಲ್ಲ.”

ಅಷ್ಟರಲ್ಲಿ ಮೈಕಿನಲ್ಲಿ ಹೆಸರು ಕೂಗತೊಡಗಿದರು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಪರಮೇಶಪ್ಪನವರು ಇದ್ದರು. ಎಂಟು ದಿನದ ಅನ್ನದಾನ ಅವರದು. ಕುಡಿತ ಬಿಟ್ಟವರು ಒಬ್ಬೊಬ್ಬರಾಗಿ ಹತ್ತಿ, ತಟ್ಟೆಯಲ್ಲಿ ತೆಂಗಿನಕಾಯಿ, ಸರ್ಟಿಫಿಕೇಟು, ತಮ್ಮ ಫೋನು ಇಸಿದುಕೊಂಡು, ಅವರ ಕಾಲು ಮುಟ್ಟಿ ಇಳಿಯುತ್ತಿದ್ದರು. ನಯಾಜನ ಸರದಿ ಬಂದಾಗ ಸಾವ್ಕಾರರ ಮುಖ ಅರಳಿತು.

“ಇಂವ ನಮ್ಮ ಅಂಗಡಿ ಹಮಾಲನ,” ಎಂದರು ಮೈಕಿನಲ್ಲಿ. “ತಗೋಳಪಾ. ಇನ್ನಮ್ಯಾಲರ ಶಾಣ್ಯಾ ಆಗು.”

ಯಾರೋ ಪುಣ್ಯ ಕಟ್ಟಿಕೊಳ್ಳಲು ಫೋನು ಚಾರ್ಜು ಮಾಡಿಟ್ಟಿದ್ದರು. ಅದು ತಟ್ಟೆಯಲ್ಲಿ ಬೆಳಗಿತು. ಸಂಜೆ ಮ್ಯಾಚ್ ಇತ್ತು. ಅದು ಕೈಗೆ ಬಂದರೆ ಬಸ್ಸು ಮೋಟೆಬೆನ್ನೂರು ಮುಟ್ಟುವುದರೊಳಗೆ ತಾನು ಆಡಿರುತ್ತೇನೆಂದು ನಯಾಜನಿಗೆ ಖಚಿತವಾಗಿ ಗೊತ್ತಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಫೋನ್ ಬ್ಯಾಡ್ರಿ. ಇನ್ನೂ ಎಂಟ ದಿನ ಇಟಗೋರಿ.”

“ಯಾಕೋ?”

“ನಾ ಕುಡಿಯಂಗಿಲ್ರಿ. ಆಡ್ತೇನಿ. ಐಡಿ ಹಾಕಿ ಕೊಟ್ಟಾವ ನಿಮ್ಮ ಮುನೀಮ.”

ಮೈಕು ಇಬ್ಬರ ನಡುವೆಯೇ ಇತ್ತು. ಮಾತು ಮಂಟಪಕ್ಕೆಲ್ಲ ಕೇಳಿಸಿತು. ಪರಮೇಶಪ್ಪನವರು ಮೊದಲು ಮೈಕಿನತ್ತ ನೋಡಿದರು. ಆಮೇಲೆ ಹೊಟ್ಟೆ ಕುಣಿಸಿ ನಕ್ಕರು.

“ಮಾಸ್ತರ, ಇಂವಂದು ಇನ್ನೂ ಇಳದಿಲ್ರೀ.”

ಮಂಟಪಕ್ಕೆ ಮಂಟಪವೇ ನಕ್ಕಿತು. ಕುಡುಕನೆಂದು ಫಾರಂನಲ್ಲಿ ಬರೆದಿತ್ತು. ಕುಡುಕನ ಮಾತಿಗೆ ನಗುವ ಚಟವನ್ನು ಎಂಟು ದಿನದಲ್ಲಿ ಯಾರೂ ಬಿಟ್ಟಿರಲಿಲ್ಲ. ಸಾವ್ಕಾರರು ಮೈಕು ಆಚೆ ಸರಿಸಿ, ನಗುಮುಖದಲ್ಲೇ ಹಲ್ಲು ಕಚ್ಚಿದರು.

“ಕಾಲಿಗೆ ಬಿದ್ದು ಇಳಿ ಬೋಳಿಮಗನ. ನಾಳಿ ಪ್ಯಾಟ್ಯಾಗ ನೋಡ್ಕೋತೇನಿ ನಿನ್ನ.”

ನಯಾಜ ನಿಂತಲ್ಲೇ ಕೆಳಗೆ ಕೂತ.

ಇಬ್ಬರು ಸ್ವಯಂಸೇವಕರು ಬಂದು ರಟ್ಟೆ ಹಿಡಿದರು. ಯಾವ ಚೀಲ ಹಗುರಾಗಿ ಏಳುತ್ತದೆ, ಯಾವುದು ಸೊಂಟ ಮುರಿಯುತ್ತದೆ ಎಂಬುದು ಹಮಾಲನಿಗೆ ಗೊತ್ತು. ಬಿಗಿಯಾಗಿ ತುಂಬಿದ್ದು ಏಳುತ್ತದೆ. ಸಡಿಲಾದದ್ದು ಎತ್ತಿದ ಕಡೆಯಿಂದೆಲ್ಲ ಜಾರುತ್ತದೆ. ನಯಾಜ ಉಸಿರು ಬಿಟ್ಟು, ಹೆಗಲು ಸಡಿಲಿಸಿ, ಕತ್ತು ಇಳಿಬಿಟ್ಟ. ಇಬ್ಬರಿಂದಾಗದೆ ನಾಲ್ವರು ಬಂದರು. ಎಳೆದರು, ಒದ್ದರು, ತಾಯಿಯ ಹೆಸರು ಹಿಡಿದು ಬೈದರು. ಎಲ್ಲ ಎಲ್ಲೋ ದೂರದಲ್ಲಿ ಬೇರೆ ಯಾರಿಗೋ ಆಗುತ್ತಿದ್ದಂತಿತ್ತು.

ರೋಷನಬಿ ಎದ್ದು ಬಂದಳು. ಅಜ್ಜಪ್ಪ ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. “ಬಾರವಾ, ನಿನ್ನ ಮಗನ್ನ ಕರಕೊಂಡು ನಡಿ ಮೊದಲ.”

ಅವಳು ಮೆಟ್ಟಿಲು ಹತ್ತಿ ತಟ್ಟೆಯಲ್ಲಿದ್ದ ಫೋನು ತೆಗೆದುಕೊಂಡಳು. ಅದನ್ನು ಪರಮೇಶಪ್ಪನವರ ತೊಡೆಯ ಮೇಲೆ, ಇಸ್ತ್ರಿ ಮಾಡಿದ ಬಿಳಿ ಧೋತರದ ಮೇಲೆ ಇಟ್ಟಳು.

“ನಿಮ್ದ ಇದು. ನೀವ ಇಟಗೋರಿ.”

“ರೋಷನಬಿ,” ಎಂದರು ಅವರು ಮೆಲ್ಲಗೆ, “ನಾಳಿ ಶೆಡ್ಡಿಗೆ ಬರಾಕಿ ಇದ್ದೀಯೋ ಇಲ್ಲೋ?”

ರೋಷನಬಿ ಮಗನ ಪಕ್ಕ ಮೊಣಕಾಲು ಮಡಚಿ ಕೂತು, ಸೆರಗು ಸರಿ ಮಾಡಿಕೊಂಡಳು. ಈಗ ಆ ನಾಲ್ವರು ಎತ್ತಬೇಕಾದದ್ದು ಇಬ್ಬರನ್ನು.