ಏಳು ಮನೆಯ ಸೂರಿಗೊಂದು ಕಂಬ

ಬಂಗಾರಪೇಟೆಯ 'ಗಡಿದೀಪ' ವಾರಪತ್ರಿಕೆಯ ಕಚೇರಿಯಲ್ಲಿ ಕಸ ಗುಡಿಸುವ ವನಿತಾಳ ಮೇಲೆ ಆ ಮಂಗಳವಾರ ಬೆಳಗ್ಗೆ ಕಳ್ಳತನದ ಆರೋಪ ಬಂತು. ಕದ್ದ ಮಾಲು ಇಪ್ಪತ್ತೆರಡು ಪದ.

ಮಾಲಿನ ಯಜಮಾನರು ಸಂಪಾದಕ ಅಶ್ವತ್ಥಪ್ಪ ಮೇಷ್ಟ್ರು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತರಾದ ಮೇಲೆ ಪತ್ರಿಕೆ ಹಿಡಿದವರು. ಕೊನೆಯ ಪುಟದಲ್ಲಿ ತಾವೇ ಕಟ್ಟುವ 'ಗೂಢಬಂಧ' ಅವರ ಪ್ರಾಣ. ಸಾಮಾನ್ಯ ಪದಬಂಧದಲ್ಲಿ ಸುಳಿವು ನೇರವಾಗಿರುತ್ತದೆ. ಇದರಲ್ಲಿ ಸುಳಿವೇ ವೇಷ ಹಾಕಿಕೊಂಡು ಬರುತ್ತದೆ. 'ನದಿ ಹಿಂದಕ್ಕೆ ಹರಿದರೆ ಇಪ್ಪತ್ತನಾಲ್ಕು ಗಂಟೆ' ಎಂದು ಬರೆದು ಎರಡು ಮನೆ ಖಾಲಿ ಬಿಟ್ಟಿರುತ್ತಾರೆ. ನದಿಯನ್ನು ತಿರುಗಿಸಿ ಓದಬೇಕು: ದಿನ. ಪೂರ್ತಿ ಬಿಡಿಸಿದವರ ಹೆಸರು ಫೋಟೋ ಸಮೇತ ಮುಖಪುಟದಲ್ಲಿ ಎಂದು ಹನ್ನೊಂದು ತಿಂಗಳಿಂದ ಸಾರುತ್ತಿದ್ದರು. ಹನ್ನೊಂದು ತಿಂಗಳಿಂದ ಯಾರೂ ಬಿಡಿಸಿರಲಿಲ್ಲ. ಅದನ್ನು ಓದುಗರ ದಡ್ಡತನವೆಂದು ದುಃಖದಿಂದಲೂ, ತಮ್ಮ ಜಾಣತನವೆಂದು ಸುಖದಿಂದಲೂ ಹೇಳಿಕೊಳ್ಳುತ್ತಿದ್ದರು.

ಈಗ ಬಿಡಿಸಿದ ಹಾಳೆಯೊಂದು ಮೇಜಿನ ಮೇಲಿತ್ತು. ಕೆಳಗೆ ವನಿತಾಳ ಹೆಸರು. ಬಿಡಿಸಿದವಳು ಯಾರೋ ವಕೀಲರ ಹೆಂಡತಿಯಾಗಿದ್ದರೆ ಮೇಷ್ಟ್ರು ಹಾರ ತರಿಸುತ್ತಿದ್ದರು. ಕಸ ಗುಡಿಸುವವಳಾದ್ದರಿಂದ ತಮ್ಮ ಡ್ರಾಯರ್ ಎಳೆದು ನೋಡಿದರು.

"ಉತ್ತರದ ಹಾಳೆ ಇದರೊಳಗಿತ್ತು. ಡ್ರಾಯರ್ ಒರೆಸೋಳು ನೀನು. ಇನ್ನೇನು ಹೇಳ್ತೀಯ?"

"ನಾನು ಧೂಳು ಒರೆಸ್ತೀನಿ ಸಾರ್. ಅಕ್ಷರ ಒರೆಸ್ಕೊಂಡು ಓಗಲ್ಲ."

"ಮಾತು ಬೇರೆ! ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಒಂದೊಂದು ಪದ ಹೇಗೆ ಬಂತು ಅಂತ ನನ್ನೆದುರು ಬಿಡಿಸಿ ಹೇಳಬೇಕು. ಇಲ್ಲ ಅಂದ್ರೆ ಪೊರಕೆ ಅಲ್ಲಿಟ್ಟು ಹೊರಡು."

ವನಿತಾ ಸೆರಗಿನ ಗಂಟು ಮುಟ್ಟಿಕೊಂಡಳು. ಮಾರಿಕುಪ್ಪಂನಿಂದ ದಿನವೂ ಬೆಳಗಿನ ರೈಲಿಗೆ ಬಂದು ಅವಳು ಗುಡಿಸುವುದು ನಾಲ್ಕು ಕಚೇರಿ. ನಾಲ್ಕರ ಬೀಗದ ಕೈಯೂ ಅವಳ ಸೆರಗಿನ ಗಂಟಿನಲ್ಲಿ. ಒಂದು ಕಡೆ ಕಳ್ಳಿ ಅನ್ನಿಸಿಕೊಂಡರೆ ಸಂಜೆಯೊಳಗೆ ಗಂಟು ಖಾಲಿ.

"ನಾನೊಬ್ಬಳೇ ಬಿಡಿಸಿದ್ದಲ್ಲ ಸಾರ್. ಇನ್ನಿಬ್ಬರವ್ರೆ. ಕರ್ಕೊಂಡ್ ಬತ್ತೀನಿ."

"ಓಹೋ, ಗ್ಯಾಂಗು!" ಎಂದರು ಮೇಷ್ಟ್ರು.

ಗ್ಯಾಂಗಿನ ಮೊದಲನೆಯವನು ಸೆಲ್ವರಾಜ್. ಚಿನ್ನದ ಗಣಿಯಲ್ಲಿ ಟಿಂಬರ್‌ಮನ್ ಆಗಿದ್ದವನು, ಅಂದರೆ ಸುರಂಗದ ಸೂರು ಕುಸಿಯದಂತೆ ಮರದ ಕಂಬ ಕೊಡುವವನು. ಗಣಿ ಮುಚ್ಚಿತು, ಈಗ ಅರವತ್ತೆಂಟನೇ ವಯಸ್ಸಿನಲ್ಲಿ ಸ್ಟೇಷನ್ ಹತ್ತಿರದ ಅಕ್ಕಿ ಗಿರಣಿಯ ಗೇಟು ಕಾಯುತ್ತಾನೆ. ಎರಡನೆಯವಳು ಮುನಿರತ್ನಮ್ಮ. ಕೋರಮಂಡಲ್‌ನಲ್ಲಿ ಸೊಪ್ಪಿನ ಬುಟ್ಟಿಯೊಂದಿಗೆ ರೈಲು ಹತ್ತಿ ಬಂಗಾರಪೇಟೆಯ ಬೀದಿಗಳಲ್ಲಿ ಮಾರುವವಳು. ಹೆಬ್ಬೆಟ್ಟಿನ ಗಿರಾಕಿ. ಆದರೆ ಸುಳಿವು ಕೇಳಿಸಿಕೊಂಡರೆ ಸಾಕು, ಸೊಪ್ಪಿನ ಕಟ್ಟು ಬಿಚ್ಚಿದಷ್ಟು ಸಲೀಸಾಗಿ ಬಿಚ್ಚಿಡುತ್ತಿದ್ದಳು. ದಿನವೂ ಅದೇ ರೈಲಿನಲ್ಲಿ ವನಿತಾ ಓದುವುದು, ಮುನಿರತ್ನಮ್ಮ ಒಡೆಯುವುದು, ಎಲ್ಲಿಂದ ಶುರು ಮಾಡಬೇಕೆಂದು ಸೆಲ್ವರಾಜ್ ಹೇಳುವುದು. ಅವನದು ಒಂದೇ ಹಟ: ಮೊದಲು ಮೇಲಿಂದ ಕೆಳಕ್ಕೆ, ಆಮೇಲೆ ಎಡದಿಂದ ಬಲಕ್ಕೆ. "ಕೆಳಕ್ಕೆ ಶಾಫ್ಟ್ ಇಳಿಸ್ದೆ ಅಡ್ಡ ಸುರಂಗ ಹೊಡೀತಾರೇನಮ್ಮಾ? ಗಣೀಲಿದ್ದ ನಿಮ್ಮಪ್ಪ ಏನ್ ಕಲಿಸ್ದ ನಿಂಗೆ?"

ಹನ್ನೊಂದೂವರೆಗೆ ಮೂವರೂ ಮೇಷ್ಟ್ರ ಮುಂದೆ ನಿಂತರು. ಬುಟ್ಟಿ ಹೊರಗಿಡು ಎಂದರೆ ಮುನಿರತ್ನಮ್ಮ ಒಪ್ಪಲಿಲ್ಲ. ಬೀದಿಯಲ್ಲಿ ಎಮ್ಮೆ ಓಡಾಡುತ್ತಿತ್ತು.

ಮೇಷ್ಟ್ರು ಕನ್ನಡಕ ಏರಿಸಿ ಶುರು ಮಾಡಿದರು. "ತಲೆಕೆಳಗಾದ ರಾಜನಿಗೆ ಮುಪ್ಪು. ಎರಡು ಮನೆ."

"ರಾಜನ್ನ ತಿರುಗಿಸಿದ್ರೆ ಜರಾ, ಸಾರ್," ಎಂದಳು ವನಿತಾ. "ಜರಾ ಅಂದ್ರೆ ಮುಪ್ಪು."

"ಹೂಂ. ಬೈರಾಗಿಯ ತಲೆ ತೆಗೆದರೆ ಮುದ್ದೆ ಕಟ್ಟಬಹುದು. ಇದೂ ಎರಡು."

"ಅದು ನಂದು," ಎಂದು ಮುನಿರತ್ನಮ್ಮ ಮುಂದೆ ಬಂದಳು. "ಬೈರಾಗೀಲಿ 'ಬೈ' ಕಿತ್ತಾಕಿ ಸಾಮಿ. ಏನುಳೀತು? ರಾಗಿ. ಇದಕ್ಯಾಕೆ ತಲೆ ಕೆಡಿಸ್ಕೊಬೇಕು? ದಿನಾ ಬೆಳಗ್ಗೆ ಮಕ ನೋಡೋದು ಅದನ್ನೇ ಅಲ್ವಾ?"

"ನಿನಗೆ ಓದು ಬರುತ್ತಾ?"

"ಬರಾಕಿಲ್ಲ. ಅದಕ್ಕೇ ಕಿವಿ ಚೆನ್ನಾಗೈತೆ."

ಹೀಗೆ ಇಪ್ಪತ್ತೊಂದೂ ಆಯಿತು. ಪ್ರತಿ ವಿವರಣೆಗೂ ಮೇಷ್ಟ್ರ ಮುಖ ಒಂದೊಂದು ಬೆರಳಷ್ಟು ಕೆಳಗಿಳಿಯಿತು. ತಾವು ಮೂರು ರಾತ್ರಿ ಕೂತು ಹೊಸೆದ ಸುಳಿವನ್ನು ಒಬ್ಬಳು ದಂಟಿನ ಸೊಪ್ಪಿಗೆ ನೀರು ಚಿಮುಕಿಸುತ್ತ ಬಿಡಿಸಿದರೆ ಯಾವ ಪಂಡಿತನಿಗೆ ತಾನೇ ಸಹನವಾದೀತು? ಕೊನೆಗೆ ಅವರ ಬೆರಳು ನಡುವಿನ ಸಾಲಿಗೆ ಬಂದು ನಿಂತಿತು. ಮುಖ ಮತ್ತೆ ಅರಳಿತು.

"ಇಲ್ಲಿ ಸಿಕ್ಕಿಬಿದ್ದಿರಿ ನೋಡಿ! ಏಳು ಮನೆಯ ಪದ. ನನ್ನ ಉತ್ತರ 'ಸಮಾಜಸುಧಾರಕ'. ನೀವು ನಟ್ಟನಡುವಿನ ಮನೆಗೆ ಮಸಿ ಬಳಿದು ಈ ಕಡೆ 'ಸಮಾಜ', ಆ ಕಡೆ 'ಧಾರಕ' ಮಾಡಿದ್ದೀರಿ. ನನ್ನ 'ಸು' ಎಲ್ಲಿ? ನನ್ನ 'ಸು' ನುಂಗಿದವರು ಯಾರು?"

"ನಾನೇ ಸಾರ್," ಎಂದು ಸೆಲ್ವರಾಜ್ ಕೈ ಎತ್ತಿದ. "ಅದು ಪಿಲ್ಲರ್."

"ಏನದು?"

"ಪಿಲ್ಲರ್ ಸಾರ್, ಕಂಬ. ಬೇರೆ ಸಾಲೆಲ್ಲ ನೋಡಿ. ಎರಡು ಮನೆ, ಮೂರು ಮನೆ ಬಿಟ್ಟು ಕರೀ ಚೌಕ ಇಟ್ಟಿದೀರ, ಕರೆಕ್ಟಾಗಿ. ಈ ಸಾಲಲ್ಲಿ ಮಾತ್ರ ಏಳು ಮನೆ ಸಲೀಸಾಗಿ ತೋಡ್ಬಿಟ್ಟಿದೀರ. ಮೇಲೆ ಇನ್ನೊಂದು ಸಾಲು ಕೂತೈತೆ. ಸೂರು ನಿಲ್ತದಾ? ನೀವು ಮರೆತಿರ್ತೀರ ಅಂತ ನಾನೇ ಇಟ್ಟೆ. ಹುಡುಗಿ ಬೇಡ ಮಾಮ, ಬೇಡ ಮಾಮ ಅಂತಾನೇ ಇದ್ದಳು."

ವನಿತಾ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ರೈಲಿನಲ್ಲಿ ಊರಿಗಾಂನಿಂದ ಬಂಗಾರಪೇಟೆಯವರೆಗೂ ಇದೇ ಜಗಳ ನಡೆದಿತ್ತು. ಇದು ಕಾಗದ ಮಾಮ, ಕುಸಿಯಲ್ಲ ಎಂದರೆ, "ಕಾಗದಾನೇ ಅಲ್ವಾಮ್ಮ ಮೊದಲು ಕುಸಿಯೋದು" ಎಂದು ಅವಳ ಕೈಯಿಂದ ಪೆನ್ನು ಕಿತ್ತುಕೊಂಡು ಬಳಿದಿದ್ದ.

"ನಗಬೇಡಿ ಸಾರ್," ಎಂದ ಸೆಲ್ವರಾಜ್, ಯಾರೂ ನಗದಿದ್ದರೂ. "ಒಂದು ಸಲ ಕಂಬ ಕೊಡೋದ್ರೊಳಗೆ ಸೂರು ಬಂದ್ಬಿಡ್ತು. ನಮ್ಮಣ್ಣ ಕೆಳಗೇ ಉಳ್ಕೊಂಡ. ಆವತ್ತಿಂದ ಖಾಲಿ ಜಾಗ ಉದ್ದಕ್ಕೆ ಕಂಡ್ರೆ ನನ್ನ ಕೈ ಸುಮ್ನಿರಲ್ಲ."

ವನಿತಾಳಿಗೆ ಆಗ ಹೊಳೆಯಿತು.

"ಸಾರ್, ನಿಮ್ಮ ಹಾಳೆ ನೋಡಿ ನಕಲು ಮಾಡಿದ್ರೆ ನಿಮ್ಮ 'ಸು' ಇದ್ದಂಗೇ ಇರ್ತಿತ್ತಲ್ಲಾ? ಯಾವ ಕಳ್ಳ ಕದ್ದ ಮಾಲಿಗೆ ತಾನೇ ಮಸಿ ಬಳಿತಾನೆ?"

"ಬಳಿಯುತ್ತಾನೆ!" ಮೇಷ್ಟ್ರು ಮೇಜು ಗುದ್ದಿದರು. "ಕದ್ದದ್ದು ಗೊತ್ತಾಗಬಾರದು ಅಂತ ಬೇಕಂತಲೇ ಒಂದು ತಪ್ಪು ಮಾಡ್ತಾನೆ!"

ನೋಡಿ ನ್ಯಾಯ. ಸರಿಯಾಗಿ ಬರೆದರೆ ಕದ್ದದ್ದು. ತಪ್ಪಾಗಿ ಬರೆದರೆ ಕದ್ದು ಮುಚ್ಚಿಟ್ಟದ್ದು. ಗುಡಿಸುವವರಿಗೆಂದೇ ಈ ದೇಶದಲ್ಲಿ ಹೊಲಿಸಿಟ್ಟ ಅಂಗಿ ಇದು; ಯಾವ ಮೈಗೂ ಸರಿಹೊಂದುತ್ತದೆ.

ಮುನಿರತ್ನಮ್ಮ ಬುಟ್ಟಿ ಕೆಳಗಿಟ್ಟಳು. ಎಮ್ಮೆಗಿಂತ ದೊಡ್ಡ ಅಪಾಯ ಎದುರಿಗಿದೆ ಎಂದು ಅವಳಿಗೆ ಅನ್ನಿಸಿರಬೇಕು.

"ಆಯ್ತು ಸಾಮಿ. ಇಪ್ಪತ್ತೊಂದು ನಾವು ಬಿಡಿಸಿ ಏಳಿದ್ವಿ. ಇದಕ್ಕೆ ಮೇಲಿಂದ ಇಳಿದ ಪದಗಳೇ ಅಕ್ಸರ ಕೊಟ್ವು, ಸುಳಿವು ಒಡೀಲೇ ಇಲ್ಲ. ಇದೊಂದು ನೀವು ಬಿಡಿಸಿ ಏಳಿ. ಕಲ್ತುಕೊಂತೀವಿ. ವನಿತಾ, ಆ ಸುಳಿವೇನಿತ್ತು ಓದಮ್ಮಿ."

ವನಿತಾ ಓದಿದಳು: "ನಿತ್ಯ ನನ್ನ ಕನ್ನಡಿಯಲ್ಲಿ ಕಾಣುವವನು."

"ಅದೇ. ಅದು ಎಂಗೆ ಸಮಾಜಸುಧಾರಕ ಆಯ್ತು ಸಾಮಿ? ಏನು ತಿರುಗಿಸಬೇಕು? ಯಾರ ತಲೆ ತೆಗೀಬೇಕು?"

ಮೇಷ್ಟ್ರು ಸುಳಿವಿನ ಮೇಲೆ ಬೆರಳಿಟ್ಟರು. ಅಲ್ಲಿ ತಿರುಗಿಸಲು ಏನೂ ಇರಲಿಲ್ಲ, ತೆಗೆಯಲು ತಲೆಯೂ ಇರಲಿಲ್ಲ. ಒಂದು ಬೆಳಗ್ಗೆ ಗಡ್ಡ ಹೆರೆಯುತ್ತಿದ್ದಾಗ ಹೊಳೆದ ಸುಳಿವು ಅದು. ಹೊಳೆದಾಗ ಎಷ್ಟು ಸಹಜವಾಗಿತ್ತು! ಈಗ ಕಸ ಗುಡಿಸುವವಳು, ಗೇಟು ಕಾಯುವವನು, ಸೊಪ್ಪು ಮಾರುವವಳು ಕಾಯುತ್ತ ನಿಂತಿರುವಾಗ ಅದನ್ನು ಬಿಡಿಸಿ ಹೇಳುವುದೆಂದರೆ ಎದೆಯ ಮೇಲೆ ಕೈಯಿಟ್ಟುಕೊಂಡು "ಅದು ನಾನು" ಅನ್ನಬೇಕು.

"ಅದು... ವ್ಯಂಗ್ಯ," ಎಂದರು.

"ಯಾರ ಮೇಲೆ ಸಾರ್?" ಸೆಲ್ವರಾಜ್ ನಿಜವಾಗಿಯೂ ತಿಳಿಯಲೆಂದೇ ಕೇಳಿದ.

ಮೇಷ್ಟ್ರು ನೀರು ಕುಡಿದರು. ಪೆನ್ನು ಮುಚ್ಚಿದರು, ತೆರೆದರು. "ಸರಿಯಮ್ಮ. ಆ ಸುಳಿವು ನಿಲ್ಲೋದಿಲ್ಲ. ನೀನು ಕದ್ದಿಲ್ಲ. ಶುಕ್ರವಾರದ ಪತ್ರಿಕೆಯಲ್ಲಿ ನಿಮ್ಮ ಮೂರೂ ಜನರ ಹೆಸರು ಬರುತ್ತೆ. ಸಾಕಾ?"

"ಶುಕ್ರವಾರಕ್ಕೆ ಇನ್ನೂ ಮೂರು ದಿನ ಐತೆ ಸಾರ್," ಎಂದಳು ವನಿತಾ. " ಕಳ್ಳಿ ಅನ್ನೋ ಮಾತು ಅಷ್ಟೊತ್ತಿಗೆ ಮಾಲೂರು ಮುಟ್ಟಿರ್ತದೆ. ಈಗಲೇ ಬರ್ಕೊಡಿ. ಸೈನ್ ಮಾಡಿ, ಸೀಲ್ ಒತ್ತಿ."

ಬರೆದರು. 'ನಮ್ಮ ಸಿಬ್ಬಂದಿಯೊಬ್ಬರು' ಎಂದು ಬರೆದದ್ದನ್ನು ವನಿತಾ ಒಪ್ಪಲಿಲ್ಲ. ಹೊಡೆದುಹಾಕಿ 'ವನಿತಾ' ಎಂದು ಬರೆದರು. 'ತಪ್ಪು ಗ್ರಹಿಕೆ ಉಂಟಾಗಿತ್ತು' ಎಂಬುದನ್ನೂ ಒಪ್ಪಲಿಲ್ಲ. 'ನಾನು ತಪ್ಪು ಮಾಡಿದೆ' ಎಂದಾಯಿತು. ವಿದ್ಯಾರ್ಥಿಗಳ ಪ್ರಬಂಧ ಮೂವತ್ತು ವರ್ಷ ತಿದ್ದಿದವರ ಒಂದು ಪುಟ ಅಂದು ಎರಡು ಸಲ ತಿದ್ದಿಸಿಕೊಂಡಿತು.

ಚೀಟಿ ಹಿಡಿದುಕೊಂಡು ವನಿತಾ ಉಳಿದ ಮೂರು ಕಚೇರಿಗೂ ಹೊರಟಳು. ಸುದ್ದಿ ತನಗಿಂತ ಮುಂಚೆ ತಲುಪಿರುತ್ತದೆಂಬ ಹೆದರಿಕೆಗೆ ಬಹುತೇಕ ಓಡುತ್ತಲೇ ಹೋಗಿ, ಮೊದಲು ಸಿಕ್ಕ ವಕೀಲರ ಕಚೇರಿಯಲ್ಲಿ ಅವರ ಮೇಜಿನ ಮೇಲೆ ಅದನ್ನಿಟ್ಟಳು. ವಕೀಲರು ಊಟದ ಡಬ್ಬಿ ಸರಿಸಿ, ಸೀಲು ನೋಡಿ, ಎರಡು ಸಲ ಓದಿದರು. ಪಾಪ, ಅವರಿಗೆ ಯಾವ ಸುದ್ದಿಯೂ ತಲುಪಿರಲಿಲ್ಲ. ಕನ್ನಡಕದ ಮೇಲಿಂದ ಅವಳನ್ನೂ, ಅವಳ ಸೆರಗಿನ ಗಂಟನ್ನೂ ನೋಡಿದರು.

"ಕಳ್ಳತನವಾ? ಯಾವ ಕಳ್ಳತನಮ್ಮಾ?"

ವನಿತಾ ಅವರೆದುರಿನ ಕುರ್ಚಿಯನ್ನು ತಾನೇ ಎಳೆದುಕೊಂಡು ಕೂತಳು.

"ನೀವು ಊಟ ಮಾಡ್ತಾ ಇರಿ ಸಾರ್. ಇದನ್ನ ಮೇಲಿಂದ ಕೆಳಕ್ಕೆ ಬಿಡಿಸಿ ಏಳ್ಬೇಕು."